ಹತ್ತರವರೆಗೆ ಎಣಿಸುವ ಒಂದೆರಡಣ್ಣ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಮೂರು ರಸ್ತೆ ಕೂಡುವ ಮೂಲೆಯಲ್ಲಿ, ತುಕ್ಕು ಹಿಡಿದ ಹಸಿರು ಟೆಲಿಫೋನ್ ಪೆಟ್ಟಿಗೆಯ ಬಾಗಿಲು ತೆರೆದು, ಮಡಚಿದ ಗೋಣಿಚೀಲದ ಮೇಲೆ ಮಂಡಿಯೂರಿ ಕೂತಿದ್ದಾರೆ ಅರವತ್ತು ದಾಟಿದ ಒಬ್ಬರು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಹಳೆಯ ರಿಸೀವರ್. ಅದರೊಳಗೆ ಅವರು ಎಣಿಸುತ್ತಿದ್ದಾರೆ.

"ಒಂದು." ಸುಮ್ಮನಾಗುತ್ತಾರೆ. "ಮೂರು." ಮತ್ತೆ ಸುಮ್ಮನೆ. "ಐದು."

ಸೈಕಲ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದವನು ಒಂದು ಕಾಲು ನೆಲಕ್ಕೂರಿ ಕೆಣಕುತ್ತಾನೆ. "ಏನಣ್ಣ, ಎರಡು, ನಾಲ್ಕು ಎಲ್ಲಿ ಬೀಳಿಸ್ಕೊಂಡ್ರಿ?"

"ಅವು ಮನೇಲಿವೆ ಕಣಯ್ಯ, ಹೆಂಡ್ತಿ ಹತ್ರ."

ಇದು ತಮಾಷೆಯಲ್ಲ, ನಿಜ. ತಂತಿಯ ಇನ್ನೊಂದು ತುದಿಯಲ್ಲಿ, ನಾಲ್ಕು ಬೀದಿಯಾಚೆಯ ಮನೆಯಲ್ಲಿ, ಅವರ ಹೆಂಡತಿ ಒಲೆಯ ಪಕ್ಕದ ಫೋನ್ ಹಿಡಿದು ಎರಡು, ನಾಲ್ಕು, ಆರು ಎನ್ನುತ್ತಿದ್ದಾರೆ. ಬೆಸ ಸಂಖ್ಯೆ ಗಂಡನದು, ಸಮ ಸಂಖ್ಯೆ ಹೆಂಡತಿಯದು. "ಹತ್ತು" ಎಂದು ಆಕೆ ಹೇಳಿದ ಕೂಡಲೇ ಇವರು ಟಕ್ಕನೆ ಇಡುತ್ತಾರೆ. ಲೈನು ಸರಿಯಿದೆ ಎಂದು ಅರ್ಥ. ಮೂವತ್ತನಾಲ್ಕು ವರ್ಷ, ದಿನಕ್ಕೆ ಹತ್ತು ಹನ್ನೆರಡು ಸಲ. ಈ ಬಡಾವಣೆಯಲ್ಲಿ ಅವರ ಹೆಸರನ್ನು ಕೇಳಿದರೆ ಯಾರೂ ಹೇಳಲಾರರು. "ಒಂದೆರಡಣ್ಣ" ಎಂದರೆ ಮಾತ್ರ ಎಲ್ಲರೂ ಮನೆ ತೋರಿಸುತ್ತಾರೆ.

"ಆಚೆಯೋರು ಒಂದು ಅಂದ್ರೆ ನಾವು ಎರಡು ಅನ್ನೋಕೆ ಎಷ್ಟು ಹೊತ್ತು ಬೇಕು, ಅದು ನಮ್ಮ ಮೈಗೇ ಗೊತ್ತಿರುತ್ತೆ. ಲೈನು ಸ್ವಲ್ಪ ಎಡವಟ್ಟು ಮಾಡಿದ್ರೂ ಎಣಿಕೆ ಡಿಕ್ಕಿ ಹೊಡೆಯುತ್ತೆ. ಮೀಟರು ಆಮೇಲೆ ಹೇಳುತ್ತೆ, ಕಿವಿ ಮೊದಲೇ ಹೇಳುತ್ತೆ" ಎನ್ನುತ್ತಾರೆ ಒಂದೆರಡಣ್ಣ, ಮಂಡಿ ಉಜ್ಜಿಕೊಂಡು ಏಳುತ್ತಾ.

ಹೆಂಡತಿಯ ಅಭಿಪ್ರಾಯವೇ ಬೇರೆ. "ಮಾತಾಡೋಕೆ ಅಂತ ಒಂದು ದಿನ ಫೋನ್ ಮಾಡಿಲ್ಲ ಪುಣ್ಯಾತ್ಮ. ಮಾಡಿದ್ದೆಲ್ಲ ಎಣಿಸೋಕೇ. ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ಫೋನ್ ಮಾಡಿ, ನರ್ಸ್ ಕೈಗೆ ಸಿಕ್ಕಿದ್ರೆ ಅವಳ ಹತ್ರಾನೂ ಎರಡು ಅನ್ನಿಸಿದ್ರು."

ಆ ಹಸಿರು ಪೆಟ್ಟಿಗೆಯಲ್ಲಿ ಒಂದು ಕಾಲಕ್ಕೆ ನಾನೂರು ಮನೆಗಳ ತಾಮ್ರದ ತಂತಿಗಳಿದ್ದವು. ಮಳೆ ಬಂದ ಮರುದಿನ ಅದರ ಮುಂದೆ ಜನ ಸಾಲು ನಿಲ್ಲುತ್ತಿದ್ದರು. ಈಗ ಜೀವ ಇರುವುದು ಎರಡಕ್ಕೆ ಮಾತ್ರ. ತಿಂಗಳ ಕೊನೆಗೆ, ಅಂದರೆ ಇನ್ನೊಂದು ವಾರಕ್ಕೆ, ತಾಮ್ರವೇ ಬಂದ್. ಟೆಲಿಫೋನ್ ಕಚೇರಿಯಿಂದ ನಿವೃತ್ತಿಯಾದ ಒಂದೆರಡಣ್ಣ ಸುಮ್ಮನೆ ಕೂರಲಿಲ್ಲ. ಮನೆಮನೆಗೆ ಹೋಗಿ, ಯಾವ ಇಂಟರ್ನೆಟ್ ತಗೋಬೇಕು, ಫೋನನ್ನು ಅದಕ್ಕೆ ಹೇಗೆ ಹೊಂದಿಸಬೇಕು ಎಂದು ಹೇಳಿ, ತಾವೇ ಏಣಿ ಹತ್ತಿ ಫೈಬರ್ ಎನ್ನುವ ಗಾಜಿನ ಎಳೆ ಎಳೆದು ಕೊಡುತ್ತಾ ಬಂದಿದ್ದಾರೆ. ದಿನಕ್ಕೆ ಮೂರು ಮನೆ, ಒಂದೊಂದು ಮನೆಗೆ ಎರಡು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಏಳೂವರೆಗೆ ಒಮ್ಮೆ.

ಎರಡು ಸಲ ಯಾಕೆ?

"ಬೆಳಿಗ್ಗೆ ಎಲ್ಲ ಲೈನೂ ಸಾಧುವೇ. ಸಂಜೆ ಇಡೀ ಬೀದಿ ಮನೆಗೆ ಬಂದು ಸಿನಿಮಾ ಹಾಕ್ಕೊಂಡಾಗ ಗೊತ್ತಾಗುತ್ತೆ ಅದರ ಬಣ್ಣ. ಹೆಣ್ಣು ನೋಡೋಕೆ ಹೋದಾಗ ಎಲ್ಲರೂ ಮೆತ್ತಗೇ ಮಾತಾಡ್ತಾರಲ್ಲ, ಹಾಗೆ."

ಈ ಎಚ್ಚರಿಕೆಯ ಹಿಂದೆ ಒಂದು ತಪ್ಪಿದೆ. ಅದನ್ನು ಯಾರಾದರೂ ಕೇಳುವ ಮೊದಲೇ ಅವರೇ ಹೇಳಿಬಿಡುತ್ತಾರೆ. ನಾಲ್ಕು ವರ್ಷದ ಹಿಂದೆ ಗಡಿಯಾರ ರಿಪೇರಿಯ ಅಜ್ಜನೊಬ್ಬರ ಫೋನನ್ನು ಇಂಟರ್ನೆಟ್‌ಗೆ ಬದಲಿಸುವಾಗ, ಹೊಸದು ಕೈಗೆ ಬರುವ ಮೊದಲೇ ಹಳೆಯ ಲೈನು ರದ್ದು ಮಾಡಲು ಇವರೇ ಅರ್ಜಿ ಬರೆದುಕೊಟ್ಟರು. ಲೈನಿನ ಜೊತೆ ನಂಬರೂ ಹೋಯಿತು. ಅಜ್ಜ ರಿಪೇರಿ ಮಾಡಿದ ಪ್ರತಿ ಗಡಿಯಾರದ ಬೆನ್ನಿಗೂ ಆ ನಂಬರಿನ ಚೀಟಿ ಅಂಟಿತ್ತು. "ಇವತ್ತಿಗೂ ಯಾರ ಮನೆ ಗೋಡೆ ಗಡಿಯಾರ ನೋಡಿದ್ರೂ ನಂಗೆ ಟೈಮ್ ಕಾಣ್ಸಲ್ಲ, ಅದರ ಬೆನ್ನು ಕಾಣ್ಸುತ್ತೆ. ಅದಕ್ಕೇ ಹೇಳೋದು, ಹೊಸ ಲೈನಿಗೆ ನಂಬರು ಬಂದು ಕೂರೋ ತನಕ ಹಳೇದಕ್ಕೆ ಕತ್ತರಿ ತೋರಿಸಬೇಡಿ."

ಜೀವ ಇರುವ ಎರಡು ತಂತಿಗಳಲ್ಲಿ ಒಂದು ಅವರ ಸ್ವಂತ ಮನೆಯದು. ದೀಪದ ಬುಡದಲ್ಲೇ ಕತ್ತಲು ಎಂದು ಮಗಳು ಹಂಗಿಸುತ್ತಾಳಂತೆ. ಇನ್ನೊಂದು, ಅವರ ಪಟ್ಟಿಯಲ್ಲಿ ಉಳಿದ ಕೊನೆಯ ಮನೆ, ಮಾತಿನ ಟೀಚರದು.

ಮಾತಿನ ಟೀಚರ್ ಎಂದರೆ, ತೊದಲುವವರಿಗೆ ಮಾತು ಕಲಿಸುವ ಐವತ್ತರ ಹೆಂಗಸು. ಮನೆಯ ಹಿಂದಿನ ಕೋಣೆಯೇ ಅವರ ಆಫೀಸು. ಒಂದು ಮೇಜು, ಒಂದು ಕುರ್ಚಿ, ದಪ್ಪ ಪರದೆ, ಒಂದು ಫೋನು. ಟಿಕ್ ಟಿಕ್ ಎನ್ನುತ್ತದೆಂದು ಗಡಿಯಾರವನ್ನೂ ಹೊರಗಿಟ್ಟಿದ್ದಾರೆ. ಪಾಠವೆಲ್ಲ ಫೋನಿನಲ್ಲೇ, ಯಾಕೆಂದರೆ ಅವರ ವಿದ್ಯಾರ್ಥಿಗಳಿಗೆ ಎದುರಿನ ಮುಖವೇ ಭಯ. ಇಪ್ಪತ್ತು ವರ್ಷದಿಂದ ಆ ನಂಬರು ಎಷ್ಟೋ ಜನರ ಪರ್ಸಿನಲ್ಲಿ ಮಡಚಿಕೊಂಡು ಕೂತಿದೆ. ಅದನ್ನು ಬಾಯಿಬಿಟ್ಟು ಹೇಳಲಾರದವರೂ ಬೆರಳಿನಲ್ಲಿ ಒತ್ತಬಲ್ಲರು.

"ನನ್ನ ವಿದ್ಯಾರ್ಥಿ ಒಂದು ಅಕ್ಷರದ ಮುಂದೆ ನಿಂತುಬಿಟ್ಟಾಗ, ನಿಂತಿದ್ದು ಅವನಾ, ಲೈನಾ ಅಂತ ನಂಗೆ ಗೊತ್ತಾಗಬೇಕು" ಎನ್ನುತ್ತಾರೆ ಟೀಚರ್. "ಲೈನು ತೊದಲಿದ್ದಕ್ಕೆ ನಾನು 'ಪರವಾಗಿಲ್ಲ, ನಿಧಾನ' ಅಂದೆ ಅನ್ಕೊಳ್ಳಿ. ಸರಾಗವಾಗಿ ಮಾತಾಡ್ತಿದ್ದೋನು, ಓ ನಾನು ತೊದಲಿದೆ ಅಂತ ನಂಬ್ತಾನೆ. ಆಮೇಲೆ ನಿಜವಾಗ್ಲೂ ತೊದಲ್ತಾನೆ. ಅಂಥ ಲೈನಾದ್ರೆ ನಾನು ಪಾಠವನ್ನೇ ನಿಲ್ಲಿಸಬೇಕಾಗುತ್ತೆ."

ಕಳೆದ ವಾರ ಟೈ ಕಟ್ಟಿದ ಮಾರಾಟಗಾರರೊಬ್ಬರು ಬಂದು ಇನ್ನೂರು ಸ್ಪೀಡು, ಮುನ್ನೂರು ಸ್ಪೀಡು ಎಂದು ಬಣ್ಣಿಸಿ, ತಾರಸಿಯ ಮೇಲೆ ಗಾಳಿಯಿಂದಲೇ ಇಂಟರ್ನೆಟ್ ಹಿಡಿಯುವ ಒಂದು ಬಿಳಿ ತಟ್ಟೆ ಕೂರಿಸಿ ತೋರಿಸಿದರು. ಒಂದೆರಡಣ್ಣ ಸಂಜೆ ಬಂದು ಎಣಿಸಿದರು. ಏಳರ ಮೇಲೆ ಎಂಟು ಬಂದು ಬಿತ್ತು. ತಟ್ಟೆ ಮರುದಿನವೇ ಕೆಳಗಿಳಿಯಿತು. ಟೀಚರ ಗಂಡ ನಡುಮನೆಯಲ್ಲಿ ಕೂತು ಕಟ್ಟಡಗಳ ನಕ್ಷೆ ಬರೆದು ಕಳಿಸುವವರು. ಅವರಿಗೆ ಬೇಸರವಾಯಿತು. "ಅಷ್ಟು ಸ್ಪೀಡಿತ್ತಲ್ಲ?"

"ಸಾರ್, ಅದು ಒಳಗೆ ಬರೋ ಸ್ಪೀಡು. ನಿಮ್ಮ ನಕ್ಷೆ ಹೊರಗೆ ಹೋಗ್ಬೇಕು. ಅಮ್ಮಾವ್ರಿಗಂತೂ ಓಡೋ ಕುದುರೆ ಬೇಡವೇ ಬೇಡ, ಒಂದೇ ಹೆಜ್ಜೇಲಿ ನಡೆಯೋ ಕತ್ತೆ ಸಾಕು."

ಆ ಕತ್ತೆ ಈಗ ಬಂದಿದೆ. ಇನ್ನೊಂದು ಕಂಪನಿಯ ಗಾಜಿನ ಎಳೆ ಕಿಟಕಿ ಮೂಲೆಯಿಂದ ಒಳಬಂದು ಮೋಡೆಮ್ ಸೇರಿದೆ. ಅಲ್ಲಿಂದ ಫೋನಿಗೆ ಗಾಳಿಯಲ್ಲಲ್ಲ, ತಂತಿಯಲ್ಲೇ ದಾರಿ. ಪಕ್ಕದಲ್ಲಿ ಪುಟ್ಟ ಬ್ಯಾಟರಿ. ಹಳೆಯ ಫೋನಿಗೆ ತಂತಿಯಲ್ಲೇ ಕರೆಂಟು ಬರುತ್ತಿತ್ತು, ಇದು ಬ್ಯಾಟರಿ ಇಲ್ಲದಿದ್ದರೆ ಕರೆಂಟು ಹೋದಾಗ ಮೂಕವಾಗುತ್ತದೆ. ಉಪಕರಣ ಮಾತ್ರ ಮೇಜಿನ ಮೇಲಿನ ಅದೇ ಹಳೆಯ ಕಪ್ಪು ಫೋನು. ಸದ್ಯಕ್ಕೆ ತಾತ್ಕಾಲಿಕ ನಂಬರು. ಹಳೆಯ ನಂಬರನ್ನು ಇಲ್ಲಿಗೆ ತರುವ ಅರ್ಜಿ ತುಂಬಿ ಮೇಜಿನ ಮೇಲಿದೆ, ಸಹಿ ಬಿದ್ದಿಲ್ಲ. ಇವತ್ತು ಹೋಗದಿದ್ದರೆ ತಾಮ್ರ ಸಾಯುವುದರೊಳಗೆ ನಂಬರು ದಾಟುವುದಿಲ್ಲ. ಎಣಿಕೆ ತಪ್ಪಿದರೆ ಬೇರೆ ಕಂಪನಿ ಹುಡುಕಲು ಸಮಯವೂ ಇಲ್ಲ.

ಸಂಜೆ ಏಳೂವರೆ. ಬೀದಿಯ ಕಿಟಕಿಗಳಲ್ಲೆಲ್ಲ ನೀಲಿ ಬೆಳಕು. ನಡುಮನೆಯಲ್ಲಿ ಗಂಡ, ಬೇಕೆಂದೇ, ದೊಡ್ಡದೊಂದು ನಕ್ಷೆ ಕಳಿಸಲು ಹಚ್ಚಿದ್ದಾರೆ. ಒಂದೆರಡಣ್ಣ ತಮ್ಮ ಮನೆಯ ನಂಬರು ಒತ್ತಿ ಸ್ಪೀಕರ್ ಹಾಕುತ್ತಾರೆ. ಟೀಚರ್ ಕಣ್ಣು ಮುಚ್ಚಿ ಕೂರುತ್ತಾರೆ.

"ಒಂದು."

"ಎರಡು."

ಮೂರು, ನಾಲ್ಕು. ಐದು, ಆರು. ಇಬ್ಬರು ಅಕ್ಕಪಕ್ಕ ಕೂತು ಹೂ ಕಟ್ಟಿದ ಹಾಗೆ. ಏಳು, ಎಂಟು.

"ಒಂಬತ್ತು."

ಏನೂ ಇಲ್ಲ.

ಒಂದೆರಡಣ್ಣ ಮೋಡೆಮ್ ನೋಡುತ್ತಾರೆ. ದೀಪಗಳೆಲ್ಲ ಹಸಿರು. ಕೈ ತಂತಿಯ ಕಡೆ ಹೋಗುತ್ತದೆ.

"ಮುಟ್ಬೇಡಿ ಅಣ್ಣ" ಎನ್ನುತ್ತಾರೆ ಟೀಚರ್, ಕಣ್ಣು ತೆರೆಯದೆ. "ಲೈನು ಸರಿ ಇದೆ."

"ಹತ್ತು ಬರಲಿಲ್ವಲ್ಲಮ್ಮ?"

"ಉಸಿರು ಬರ್ತಿದೆ, ಕೇಳಿ. ಒಳಗೆ ಎಳ್ಕೊಂಡು ಹಿಡ್ಕೊಂಡಿದ್ದಾರೆ. ಹೇಳೋಕೆ ಬರದೋರ ಉಸಿರು ಹೀಗಿರಲ್ಲ. ಇದು ಹೇಳೋಕೆ ಇಷ್ಟ ಇಲ್ಲದೋರ ಉಸಿರು."

ಒಂದೆರಡಣ್ಣ ಫೋನಿನ ಹತ್ತಿರ ಬಾಗುತ್ತಾರೆ. "ಲೇ, ಇದ್ದೀಯಾ?"

"ಇದ್ದೀನಿ ರೀ. ಎಲ್ಲಿಗೆ ಹೋಗ್ಲಿ?" ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. "ಇವತ್ತೇ ಕೊನೇ ಎಣಿಕೆ ಅಂದಿದ್ರಲ್ಲ ಬೆಳಿಗ್ಗೆ. ಹತ್ತು ಅಂದ್ರೆ ನೀವು ಇಟ್ಟುಬಿಡ್ತೀರಿ."

ಟೀಚರ್ ಎದ್ದು ಅರ್ಜಿ ಎಳೆದುಕೊಂಡು, ನಿಂತಲ್ಲೇ ಸಹಿ ಹಾಕುತ್ತಾರೆ. ಸ್ಪೀಕರ್ ಆರಿಸಿ, ರಿಸೀವರನ್ನು ಒಂದೆರಡಣ್ಣನ ಕೈಗಿಟ್ಟು, ಬಾಗಿಲು ಎಳೆದುಕೊಂಡು ಹೊರಬರುತ್ತಾರೆ. ಬಾಗಿಲು ಮುಚ್ಚುವ ಮೊದಲು ಕೇಳಿದ್ದು ಒಂದು ಕೆಮ್ಮು, ಆಮೇಲೆ ಮೂವತ್ತನಾಲ್ಕು ವರ್ಷದಲ್ಲಿ ಒಂದೆರಡಣ್ಣ ಹೆಂಡತಿಗೆ ಎಂದೂ ಹೇಳದ ಸಂಖ್ಯೆ.

"ಹನ್ನೊಂದು."

ಅರ್ಧ ಗಂಟೆಯ ಮೇಲೆ ಹೊರಬಂದ ಒಂದೆರಡಣ್ಣ, ಏಣಿ ಹೆಗಲಿಗೇರಿಸುವಾಗ, ನಾಳೆ ತಮ್ಮ ಮನೆಗೂ ಇದೇ ಎಳೆ ಎಳೆಯುವುದಾಗಿ ಹೇಳುತ್ತಾರೆ. ಚಿಕ್ಕ ಪ್ಲಾನೇ ಸಾಕಂತೆ, ಫೋನು ಮಾತ್ರ ಒಲೆಯ ಪಕ್ಕದಲ್ಲೇ ಇರಬೇಕಂತೆ. ಎಣಿಕೆ ಎಲ್ಲಿಯವರೆಗೆ ಹೋಯಿತು ಎಂದು ಕೇಳಿದರೆ ಮುಖ ಬೇರೆ ಕಡೆ ತಿರುಗಿಸುತ್ತಾರೆ.

"ನೂರಾ ಮೂವತ್ತಾರು. ಲೈನು ಒಂದು ಕಡೇನೂ ತೊದಲಲಿಲ್ಲ. ತೊದಲಿದ್ದು ನಾನೇ, ಎಪ್ಪತ್ತೇಳರ ಹತ್ರ."