ಕಂಬಕ್ಕೆ ಮೂರು ಸುತ್ತು

ಹಗ್ಗದಜ್ಜನಿಗೂ ಅವನ ಅಳಿಯನಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಸಾಲದ್ದಕ್ಕೆ ಇಬ್ಬರಿಗೂ ಒಂದೇ ಕಾರ್ಖಾನೆಯಲ್ಲಿ ಕೆಲಸ.

ಅಜ್ಜನ ಕೆಲಸ ಭಾರ ಇಳಿಸುವುದು. ಕಾರ್ಖಾನೆಯ ಬಾಗಿಲಿಂದ ಕೆಳಗಿನ ರಸ್ತೆಗೆ ಹಲಗೆಯ ಇಳಿಜಾರು. ಅದರ ತಲೆಯಲ್ಲೊಂದು ಮರದ ಕಂಬ. ಟನ್‌ಗಟ್ಟಲೆ ಭಾರದ ಯಂತ್ರಕ್ಕೆ ಕಟ್ಟಿದ ಹಗ್ಗವನ್ನು ಆ ಕಂಬಕ್ಕೆ ಮೂರು ಸುತ್ತು ಸುತ್ತಿ, ತುದಿ ಹಿಡಿದು ಇಷ್ಟಿಷ್ಟೇ ಬಿಡುತ್ತಿದ್ದ. ಭಾರ ಹಿಡಿಯುವುದು ಕಂಬದ ಒರಟುತನವೇ ಹೊರತು ತಾನಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಯಂತ್ರವೂ ಅವನ ಕೈತಪ್ಪಿರಲಿಲ್ಲ.

ಅಳಿಯ ನಾಲ್ಕಕ್ಷರ ಕಲಿತವನು. ಊಟಕ್ಕೆ ಕೂತರೂ ನ್ಯೂಟನ್ನನ ನಿಯಮ ಬಡಿಸುತ್ತಿದ್ದ: ಓಡುವ ವಸ್ತು ತಾನಾಗಿ ನಿಲ್ಲುವುದಿಲ್ಲ, ತಡೆಯುವ ಬಲ ಬೇಕು. ಅಷ್ಟು ತಿಳಿದ ಮಹಾನುಭಾವ ಮಾಡಿದ್ದೇನು? ಹಗ್ಗ ಸವೆಯುತ್ತದೆಂದು ಕಂಬವನ್ನು ಉಜ್ಜಿ ನುಣುಪಾಗಿಸಿ ವಾರ್ನಿಷ್ ಬಳಿದ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಸುಮ್ಮನೆ ಹೇಳಿದ್ದಾರೆಯೇ.

ಹೊಳೆಯುವ ಕಂಬ ಕಂಡು ಅಜ್ಜನಿಗೆ ಮೈಯೆಲ್ಲ ಉರಿಯಿತು. ಇನ್ನೆರಡು ಸುತ್ತು ಹೆಚ್ಚು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅಳಿಯನ ಅಧಿಕಪ್ರಸಂಗಕ್ಕೆ ತಾನೇಕೆ ಕ್ರಮ ಬದಲಿಸಬೇಕು? ಮೂರೇ ಸುತ್ತು ಹಾಕಿದ. ಸ್ವಲ್ಪ ಜಾರಲಿ, ಎಲ್ಲರೆದುರು ಅವನ ಮಾನ ಹೋಗಲಿ ಎಂಬ ಆಸೆಯೂ ಹೊಟ್ಟೆಯೊಳಗಿತ್ತು.

ಅರ್ಧ ದಾರಿಯಲ್ಲಿ ಯಂತ್ರದ ಮೂತಿ ಹಲಗೆಯಂಚಿಗೆ ತಿರುಗಿತು. ನೆಟ್ಟಗೆ ಮಾಡಲು ಅಳಿಯ ಹಾರೆ ಹಿಡಿದು ಅದರ ಎದುರಿಗೇ ಬಂದ. ಭಾರದ ಮುಂದೆ ನಿಲ್ಲಬೇಡವೆಂದು ಅಜ್ಜ ಕೂಗುವಷ್ಟರಲ್ಲಿ ಹಾರೆಯ ಮೀಟಿಗೆ ಯಂತ್ರ ಜರುಗಿ, ಕಂಬದ ಮೇಲೆ ಹಗ್ಗ ಸರ್ರನೆ ಜಾರಿತು. ಹಿಂದೆ ಸರಿಯಲು ಹೋದ ಅಳಿಯನ ಕಾಲು ಹಲಗೆಗಳ ಸಂದಿನಲ್ಲಿ ಸಿಕ್ಕಿಬಿತ್ತು.

ಹಗ್ಗ ಬಿಟ್ಟಿದ್ದರೆ ಅಜ್ಜನ ಕೈ ಉಳಿಯುತ್ತಿತ್ತು. ಅವನು ಹಿಮ್ಮಡಿ ಊರಿ ಬಿಗಿಯಾಗಿ ಹಿಡಿದ. ಅಂಗೈಯ ಚರ್ಮ ಸುಲಿದುಕೊಂಡು ಹಗ್ಗ ಎರಡು ಮಾರು ಓಡಿತು, ಆಮೇಲೆ ನಿಂತಿತು. ಉಳಿದವರು ಓಡಿಬಂದು ಯಂತ್ರದ ಕೆಳಗೆ ಮರದ ತುಂಡು ಕೊಟ್ಟಾಗ ಅದು ಅಳಿಯನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿತ್ತು.

ಆ ಕೈಗಳು ಇನ್ನು ಹಗ್ಗ ಹಿಡಿಯಲಾರವೆಂದರು ಡಾಕ್ಟರು. ಆಸ್ಪತ್ರೆಯ ಮಂಚದ ಪಕ್ಕ ಕೂತು ಮಗಳು ಅತ್ತಳು. ಅಳಿಯ ಬಾಗಿಲು ದಾಟಿ ಒಳಗೆ ಬರಲಿಲ್ಲ, ಉಪಕಾರವಾಯಿತೆಂಬ ಮಾತೂ ಆಡಲಿಲ್ಲ.

"ನೀವು ಹಗ್ಗ ಬಿಟ್ಟುಬಿಡ್ತೀರಾ ಅಂದ್ಕೊಂಡಿದ್ದೆ ಮಾವ," ಎಂದ.

ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದ. "ನಾನೂ ಹಾಗೇ ಅಂದ್ಕೊಂಡಿದ್ದೆ ಕಣಯ್ಯ."