ತಟ್ಟೆಯಂಚಿನ ಹಸಿ ಮೆಂತ್ಯ

ಮೆಂತ್ಯ ಸೊಪ್ಪು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸೊಪ್ಪಿನದೇನೂ ತಪ್ಪಿಲ್ಲ ಎಂದು ಗೊತ್ತಿದ್ದೂ ಉರಿಯುತ್ತದೆ.

ನಾವು ವಿಜಯಪುರದ ಕಡೆಯವರು. ಬಿಟಿಎಂ ಲೇಔಟಿನಲ್ಲಿ ನಾನು, ತಂಗಿ, ಅವ್ವ ಮೂವರೂ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಕಡೆ ರೊಟ್ಟಿ ಊಟವೆಂದರೆ ತಟ್ಟೆಯಂಚಿಗೆ ಹಸಿ ಮೆಂತ್ಯ ಇರಲೇಬೇಕು. ಊರಲ್ಲಾದರೆ ಹೊಲದಿಂದ ಕಿತ್ತು, ಮಣ್ಣು ಕೊಡವಿ, ಹಾಗೇ ಬಾಯಿಗೆ. ಇಲ್ಲಿಗೆ ಬಂದ ಮೇಲೂ ಅವ್ವ ಅದನ್ನು ಬಿಡಲಿಲ್ಲ. ಬೆಳಿಗ್ಗೆ ಎದ್ದು ಮಾರ್ಕೆಟ್ಟಿಗೆ ಹೋಗಿ ಕಟ್ಟು ತಂದು, ನಲ್ಲಿಯ ಕೆಳಗೆ ಹಿಡಿದು ತೊಳೆದು, ಎಳೆಯ ಎಲೆಗಳನ್ನೇ ಆರಿಸಿ ತಂಗಿಯ ಬುತ್ತಿ ಡಬ್ಬಿಗೆ ಹಾಕುತ್ತಿದ್ದಳು. "ತಿನ್ನು, ರಕ್ತ ಆಗ್ತದ" ಎನ್ನುತ್ತಿದ್ದಳು. ನನಗೆ ಕಹಿ ಸೇರದು. ನನ್ನ ಪಾಲನ್ನೂ ತಂಗಿಯೇ ತಿನ್ನುತ್ತಿದ್ದಳು.

ಅವಳು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಹೋದ ವರ್ಷ ಒಂದು ಮಧ್ಯಾಹ್ನ ಮಷೀನಿನ ಮುಂದೆಯೇ ಫಿಟ್ಸ್ ಬಂದು ಬಿದ್ದಳು. ಸ್ಕ್ಯಾನ್ ನೋಡಿದ ಡಾಕ್ಟರು ಮಿದುಳಿನಲ್ಲಿ ಲಾಡಿಹುಳುವಿನ ಗಂಟು ಇದೆ, ಮಾತ್ರೆಯಲ್ಲಿ ವಾಸಿಯಾಗಬಹುದು ಎಂದರು. ನಾವು ಮಾಂಸ ಮುಟ್ಟದವರು ಎಂದೆ.

"ತಲೇಲಿ ಗಂಟಾಗೋದು ಮಾಂಸದಿಂದಲ್ಲಮ್ಮ, ಹುಳದ ಮೊಟ್ಟೆಯಿಂದ. ಅದು ಮನುಷ್ಯರ ಮಲದಲ್ಲಿ ಇರುತ್ತೆ. ಚರಂಡಿ ನೀರಲ್ಲಿ ಬೆಳೆದ ಸೊಪ್ಪಿಗೆ ಅಂಟ್ಕೊಂಡಿರಬಹುದು. ಹಸಿ ಸೊಪ್ಪು ತಿಂತೀರಾ?"

ತಂಗಿ ನನ್ನ ಮುಖ ನೋಡಿದಳು. ಅವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಅಂದರೆ ತಂಗಿಯ ತಲೆಯೊಳಗೆ ಹೋಗಿ ಕೂತದ್ದು ಈ ಊರಿನ ಕಕ್ಕಸು. ಒರಟಾಗಿ ಕೇಳಿಸಬಹುದು, ಕೇಳಿಸಲಿ. ಇಷ್ಟೆತ್ತರದ ಅಪಾರ್ಟ್‌ಮೆಂಟುಗಳನ್ನು ಕಟ್ಟಿ, ಕೊಳಚೆಯನ್ನೆಲ್ಲ ರಾಜಕಾಲುವೆಗೆ ಬಿಟ್ಟು, ಮೂಗು ಮುಚ್ಚಿಕೊಂಡು ಓಡಾಡುವ ಊರಿಗೆ ಆ ನೀರು ಮುಂದೆ ಯಾರ ತಟ್ಟೆಗೆ ಹೋಗುತ್ತದೆಂದು ಕೇಳುವ ದರ್ದಿಲ್ಲ.

ಮರುದಿನ ಮಾರ್ಕೆಟ್ಟಿಗೆ ಹೋಗಿ ಸೊಪ್ಪಿನವಳನ್ನು ಕೇಳಿದೆ, ಇದು ಯಾವ ನೀರಲ್ಲಿ ಬೆಳೆದದ್ದು ಎಂದು. "ಗಾಡೀಲಿ ಬರುತ್ತೆ, ಇಳಿಸ್ಕೋತೀವಿ. ಯಾವ್ ನೀರೋ ನಂಗೇನ್ ಗೊತ್ತಕ್ಕಾ?" ಎಂದಳು. ನಾವು ಹಸಿಯಾಗೇ ತಿನ್ನುತ್ತೇವೆ ಎಂದಾಗ ನಕ್ಕೇಬಿಟ್ಟಳು. "ಬೇಯಿಸ್ದೆ ತಿಂತೀರಾ? ಅದೇನ್ ದನ ಮೇಯ್ದಂಗೆ!" ನಗುತ್ತಲೇ ಬಕೆಟ್ಟಿಗೆ ಕೈಯದ್ದಿ ಕಟ್ಟುಗಳ ಮೇಲೆ ನೀರು ಚಿಮುಕಿಸಿದಳು. ಆ ಬಕೆಟ್ಟನ್ನು ಒದೆಯಬೇಕೆನಿಸಿತು. ಒದ್ದು ಏನು ಮಾಡಲಿ, ಅವಳು ಬೆಳೆದ ಸೊಪ್ಪಲ್ಲ, ಅವಳು ಬಿಟ್ಟ ನೀರಲ್ಲ.

ಇನ್ನು ಮನೆ ಓನರ್ ಆಂಟಿ. ಸುದ್ದಿ ತಿಳಿದು ಮೇಲೆ ಹತ್ತಿ ಬಂದು, ಅವ್ವನ ಎದುರಿಗೇ ಕೇಳಿದರು: "ಆ ಹುಳ ಬರೋದು ಹಂದಿ ಮಾಂಸದಿಂದ ಅಂತಲ್ವಾ? ವೆಜ್ ಅಂತ ಹೇಳಿ ಮನೆ ತಗೊಂಡಿದ್ರಿ." ತಿಂದಿದ್ದರೂ ನಿಮ್ಮ ಗಂಟೇನು ಹೋಗುತ್ತಿತ್ತು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಬಾಡಿಗೆಯವರ ನಾಲಗೆ, ನುಂಗಿಕೊಂಡೆ.

ಅವರು ಕೆಳಗಿಳಿದದ್ದೇ ಅವ್ವ ತಂಗಿಯ ಎದುರು ಕೂತಳು. "ಖರೇ ಹೇಳು. ಗೆಳತ್ಯಾರ ಕೂಡ ಹೊರಗ ಏನರ ತಿಂದಿಯೇನು?"

ಡಾಕ್ಟರು ಹೇಳಿದ್ದನ್ನು ಹೇಳಲು ನಾನು ಬಾಯಿ ತೆರೆದೆ. ತಂಗಿ ನನ್ನ ಕೈ ಹಿಡಿದು ಅದುಮಿದಳು.

"ಹೂಂ ಯವ್ವಾ, ತಿಂದೀನಿ."

ಅವ್ವ ನಂಬಿದಳು! ಒಂದು ಸಲವೂ ಅನುಮಾನಿಸದೆ ನಂಬಿ, ಅತ್ತು, ದೇವರ ಮುಂದೆ ದೀಪ ಹಚ್ಚಿ ತಪ್ಪು ಕಾಣಿಕೆ ಕಟ್ಟಿದಳು. ನಾನು ತಂಗಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬೈದೆ. "ಆಕಿನ ತನ್ನ ಕೈಯಾರ ಆರಿಸಿ ಕೊಟ್ಟಾಳಕ್ಕ," ಎಂದಳು ಅವಳು. "ಗೊತ್ತಾದ್ರ ಎದಿ ಒಡಕೋತಾಳ. ನಂಗ ಬೈದ್ರ ಬೈಲಿ ಬಿಡು." ಇಂಥ ಪ್ರೀತಿಯ ಮೇಲೂ ನನಗೆ ಸಿಟ್ಟು ಬಂತು. ಆದರೂ ಅವಳ ಮಾತಿಗೆ ಕಟ್ಟುಬಿದ್ದು, ಅವ್ವನಿಗೆ ಸದ್ಯ ಸೊಪ್ಪು ತರಬೇಡ ಎಂದಷ್ಟೇ ಹೇಳಿದೆ. ಯಾಕೆಂದು ಹೇಳಲಿಲ್ಲ.

ಮುಂದಿನ ಭಾನುವಾರ ಊಟಕ್ಕೆ ಕೂತಾಗ ತಂಗಿಯ ತಟ್ಟೆಯಲ್ಲಿ ರೊಟ್ಟಿಯ ಪಕ್ಕ ಹಸಿ ಮೆಂತ್ಯದ ರಾಶಿಯೇ ಇತ್ತು.

"ತಿನ್ನು," ಎಂದಳು ಅವ್ವ. "ಹೊಟ್ಟ್ಯಾಗಿನ ಹೊಲಸೆಲ್ಲ ತೊಳಕೊಂಡು ಹೋಗ್ತದ."

ತಂಗಿ ಸುಮ್ಮನೆ ಕೈ ಚಾಚಿದಳು. ನಿಜಕ್ಕೂ ತಿನ್ನುವವಳಿದ್ದಳು. ನಾನು ತಟ್ಟೆಯನ್ನೇ ಕಸಿದುಕೊಂಡೆ.

"ಆಕಿ ಏನೂ ತಿಂದಿಲ್ಲಬೇ! ಈ ಮೆಂತ್ಯ ತಪ್ಪಲಾನ ತಿಂದಾಳ. ಇದರಿಂದನ ಬಂದೈತಿ ಅಂತ ಡಾಕ್ಟರ್ ಹೇಳ್ಯಾರ. ನಿನ್ನ ಉಳಸಾಕ ಸುಳ್ಳ ಹೇಳ್ಯಾಳ."

ತಂಗಿ ತಲೆ ತಗ್ಗಿಸಿದಳು. ಅವ್ವ ನನ್ನ ಕೈಯಲ್ಲಿದ್ದ ತಟ್ಟೆಯನ್ನು ನೋಡುತ್ತಲೇ ಇದ್ದಳು. ಎಲೆಗಳ ಮೇಲೆ ಇನ್ನೂ ನಲ್ಲಿ ನೀರಿನ ಹನಿಗಳಿದ್ದವು. ಊರು, ಓನರು, ಕಾಲುವೆ, ಎಲ್ಲರಿಗೂ ಬೈಯಲು ನಾನು ಮಾತು ಕೂಡಿಟ್ಟುಕೊಂಡಿದ್ದೆ.

"ನಾ ತೊಳದ ಕೊಡತಿದ್ನಲ್ಲ," ಎಂದಳು ಅವ್ವ. "ದಿನಾ ತೊಳದ ಕೊಡತಿದ್ನಲ್ಲ."