ಎಣ್ಣೆ ಹಾಕಿದ ಮಷೀನು

ಬೈಲಹೊಂಗಲದಲ್ಲಿ ಅಪ್ಪನದೊಂದು ಸಣ್ಣ ಜರ್ದಾ ತಂಬಾಕಿನ ಕಾರ್ಖಾನೆ. ಜರ್ದಾವನ್ನು ಪಾಕೀಟಿಗೆ ತುಂಬುವ ಮಷೀನುಗಳು ಎರಡಿದ್ದವು. ದುಡಿಯುತ್ತಿದ್ದದ್ದು ಹೊಸದು ಮಾತ್ರ. ಹಳೆಯದು ಅಪ್ಪ ಧಂದೆ ಶುರು ಮಾಡಿದಾಗ ಕೊಂಡದ್ದು, ವರ್ಷಗಳಿಂದ ಮೂಲೆಯಲ್ಲಿ ನಿಂತಿತ್ತು. ಆದರೂ ದಿನಾ ಬೆಳಿಗ್ಗೆ ಅದಕ್ಕೆ ಎಣ್ಣೆ ಬಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದ ಮೇಲೆಯೇ ಅಪ್ಪ ಚಹಾ ಕುಡಿಯುತ್ತಿದ್ದರು.

ಅಬಕಾರಿ ಸುಂಕದ ನಿಯಮ ಬದಲಾದಾಗ ಸುಂಕದ ಅಧಿಕಾರಿಯೊಬ್ಬರು ಬಂದರು. ಅಪ್ಪನ ಲೆಕ್ಕ ಬರೆಯುವವಳು ನಾನೇ ಆದ್ದರಿಂದ ನಾನೂ ಜೊತೆಗಿದ್ದೆ.

"ಮಾಲಕ್ರ, ನೀವು ಎಷ್ಟು ಮಾಲು ತಗದ್ರಿ ಅಂತ ಈಗ ಕಾಯ್ದೆ ಕೇಳೂದಿಲ್ರಿ," ಎಂದರು ಅವರು. "ಮಷೀನ್ ಎಷ್ಟು ಜೋರು ಓಡಬಹುದು ಅನ್ನೂದನ್ನ ನೋಡತೈತಿ. ಇಲ್ಲಿ ನಿಂತಿದ್ರ ಸಾಕು, ಓಡಿಧಂಗ ಲೆಕ್ಕ. ಅದರ ಮ್ಯಾಲೆ ತಿಂಗಳಾ ಸುಂಕ."

"ಹಳೇದು ಓಡಿಸೂದಿಲ್ರಿ ಸಾಹೇಬ್ರ."

"ಓಡಿಸೂದಿಲ್ಲಾ ಅಂದ್ರ ಎಣ್ಣಿ ಯಾಕ ಹಾಕೀರಿ?"

ಅಧಿಕಾರಿ ಚಕ್ರ ಮುಟ್ಟಿದರು. ಅದು ಸಲೀಸಾಗಿ ತಿರುಗಿತು. ಅಪ್ಪನ ಮುಖದಲ್ಲಿ ಚಿಂತೆಯ ಜೊತೆಗೇ ಒಂದಿಷ್ಟು ಹೆಮ್ಮೆಯೂ ಕಂಡಿತು. ಅಧಿಕಾರಿ ನಕ್ಕುಬಿಟ್ಟರು. ಸೀಲ್ ಹಾಕಿಸಿರಿ, ಇಲ್ಲವೇ ಕಾರ್ಖಾನೆಯಿಂದ ಹೊರಗೆ ಸಾಗಿಸಿರಿ ಎಂದರು.

"ಸೀಲ್ ಹಾಕಿದ ಮ್ಯಾಲೆ ಎಣ್ಣಿ ಬಿಡಾಕ ಬರತೈತೇನ್ರಿ?"

"ಇಲ್ರಿ. ಮುಟ್ಟಂಗಿಲ್ಲ."

ಆ ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಗುಜರಿಗೆ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ. ನನಗೆ ನೆನಪಾದದ್ದು ರಾಮದುರ್ಗದ ಅತ್ತೆ. ಅಪ್ಪನ ಈ ತಂಗಿ ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ, ಕೈಯಿಂದಲೇ ಪಾಕೀಟು ತುಂಬಿ ಮಾರುತ್ತಿದ್ದರು. "ಅತ್ತೀಗೆ ಕೊಡೂಣಪಾ," ಎಂದೆ. ಅಪ್ಪ ಎದ್ದು ನಟ್ಟು ಬಿಚ್ಚುವ ಪಾನಾ ಹುಡುಕತೊಡಗಿದರು.

ಅಧಿಕಾರಿಯ ಎದುರಿಗೇ ಮಷೀನು ಬಿಚ್ಚಿ ಟೆಂಪೋಕ್ಕೆ ಏರಿಸಿದೆವು. ಅಪ್ಪ ಅದರ ಪಕ್ಕದಲ್ಲೇ ಕುಳಿತು ಹೋದರು. ಮಾಲು ತಾಗುವ ಭಾಗಗಳನ್ನೆಲ್ಲ ರಾಮದುರ್ಗದಲ್ಲಿ ಹೊಸದಾಗಿ ಹಾಕಿಸಿದರು. ಅಷ್ಟಾದರೂ ಅತ್ತೆ ಮೂಸಿ ಮೂಸಿ ನೋಡಿದರು.

"ಅಣ್ಣಾ, ನನ್ನ ಚಟ್ನಿ ತಿಂದವ್ರಿಗೆ ನಶೆ ಏರಬಾರದು ನೋಡಪಾ."

"ಏರಿದ್ರ ನಿನ್ನ ಖಾರಕ್ಕ ಏರಬೇಕು," ಎಂದರು ಅಪ್ಪ.

ಎರಡು ದಿನಕ್ಕೆಂದು ಹೋದವರು ವಾರ ಕಳೆದು ಬಂದರು. ಅಂಗಿಯ ತುಂಬ ಖಾರದ ಘಾಟು.

ಅತ್ತೆಯ ಪಾಕೀಟುಗಳು ಈಗ ಸವದತ್ತಿ, ಕಿತ್ತೂರಿನ ಅಂಗಡಿಗಳಲ್ಲೂ ಸಿಗುತ್ತವೆ. ಆಗಾಗ ಅತ್ತೆಯ ಫೋನು ಬರುತ್ತದೆ: "ಮಷೀನ್ ಯಾಕೋ ಕಿರಿಕಿರಿ ಮಾಡಾಕ ಹತ್ತೈತಿ, ಬಾರಣ್ಣಾ." ಅಪ್ಪ ಮೊದಲ ಬಸ್ಸಿಗೇ ಹೊರಡುತ್ತಾರೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಮಷೀನು ಚೆನ್ನಾಗಿಯೇ ಓಡುತ್ತಿತ್ತು. ಒಳಗೆ ಅತ್ತೆ ಅಣ್ಣನಿಗೆಂದು ಗೋದಿ-ಬೆಲ್ಲದ ಮಾದೇಲಿ ಮಾಡಿಟ್ಟು ಕಾಯುತ್ತಿದ್ದರು.